ಮನೆಯಲ್ಲಿರುವ ಹೆಂಡತಿ ಬೇಕೆನ್ನುವವನನ್ನು ಜರೆಯುವ ಮೊದಲು ಕೇಳಬೇಕಾದದ್ದು

ಮಾನ್ಯ ಸಂಪಾದಕರೇ,

ಕಳೆದ ಎರಡು ಭಾನುವಾರಗಳಿಂದ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಂದೇ ವಿಷಯದ ಮೇಲೆ ಪತ್ರಗಳು ಬರುತ್ತಿವೆ. ಮದುವೆಯಾದ ಮೇಲೆ ಹೆಂಡತಿ ಮನೆಯಲ್ಲಿಯೇ ಇರಲಿ ಎಂದು ಬಯಸುವ ಹುಡುಗರು ಇಪ್ಪತ್ತೊಂದನೆಯ ಶತಮಾನಕ್ಕೆ ಸಲ್ಲದವರು, ಅವರಿಗೆ ಯಾರೂ ಹೆಣ್ಣು ಕೊಡಬಾರದು ಎಂದು ಒಬ್ಬರು ಬರೆದರೆ, ಅಂಥ ಹುಡುಗರಿಂದಲೇ ಸಂಸಾರ ಎಂಬುದು ಉಳಿದಿದೆ ಎಂದು ಮುಂದಿನ ವಾರ ಇನ್ನೊಬ್ಬರು ಬರೆದರು. ಎರಡೂ ಪತ್ರಗಳನ್ನು ನಾನು ಎರಡೆರಡು ಸಲ ಓದಿದೆ. ಹುಡುಗನ ಮನಸ್ಸು ಒಳ್ಳೆಯದೋ ಕೆಟ್ಟದೋ ಎಂಬುದರ ಬಗ್ಗೆ ಇಬ್ಬರೂ ಬಹಳ ಮಾತಾಡಿದ್ದಾರೆ. ಆ ಮನೆಗೆ ಬಂದು ಮೂವತ್ತು ನಲವತ್ತು ವರ್ಷ ಬಾಳುವ ಹೆಣ್ಣಿನ ಕೈಯಲ್ಲಿ ಏನಿರುತ್ತದೆ ಎಂಬ ಪ್ರಶ್ನೆಯನ್ನು ಇಬ್ಬರೂ ಎತ್ತಲಿಲ್ಲ. ಆ ಕಾರಣಕ್ಕಾಗಿ ಈ ದೀರ್ಘ ಪತ್ರ.

ಮೊದಲು ನನ್ನ ಪರಿಚಯ ಹೇಳಿಕೊಳ್ಳಬೇಕು. ನಾನು ಮೂವತ್ತೊಂದು ವರ್ಷ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ, ಅದರಲ್ಲಿ ಹೆಚ್ಚಿನ ಕಾಲವನ್ನು ಉಳಿತಾಯ ಖಾತೆಯ ಕೌಂಟರಿನಲ್ಲಿ ಕಳೆದು, ನಿವೃತ್ತಳಾದವಳು. ಆಮೇಲೆ ಸಾಗರದಲ್ಲಿ ನಮ್ಮ ಸಮುದಾಯದವರು ಭಾನುವಾರದ ದಿನ ನಡೆಸುವ ವಧೂವರ ನೋಂದಣಿಯ ಪುಸ್ತಕವನ್ನು ನೋಡಿಕೊಳ್ಳುತ್ತ ಹತ್ತು ವರ್ಷಗಳ ಮೇಲಾಯಿತು. ಹುಡುಗನ ಕಡೆಯವರು, ಹುಡುಗಿಯ ಕಡೆಯವರು ಜಾತಕದ ಜೆರಾಕ್ಸ್ ಪ್ರತಿ, ಫೋಟೋ ಹಿಡಿದು ಬರುತ್ತಾರೆ. ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆ. ಬರೆಸುವಾಗ ಹೇಳುವ ಮಾತು, ಬರೆಸಿ ಮುಗಿದ ಮೇಲೆ ಪೆನ್ನು ಕೆಳಗಿಟ್ಟಾಗ ಮೆಲ್ಲನೆ ಹೇಳುವ ಮಾತು, ಎರಡನ್ನೂ ಕೇಳಿದವಳು ನಾನು.

1983ರಲ್ಲಿ ನನಗೆ ನೌಕರಿ ಸಿಕ್ಕಿತು. ಎರಡು ವರ್ಷದ ನಂತರ ಮದುವೆಯಾಯಿತು. ಆಗ ಊರಿನಲ್ಲಿ ಮಾತಿಗೆ ಗುರಿಯಾದವರು ನಮ್ಮನೆಯವರು. ಹೆಂಡತಿಯ ದುಡಿಮೆಯಲ್ಲಿ ಕೂತು ಉಣ್ಣುವವನು ಎಂದು ಅವರ ಸ್ವಂತ ಸೋದರಮಾವನೇ ತುಂಬಿದ ಪಂಕ್ತಿಯಲ್ಲಿ ಅಂದದ್ದುಂಟು, ಅದೂ ನಮ್ಮನೆಯವರು ಸ್ವತಃ ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಅವರು ಮಗಳ ಜಡೆ ಹೆಣೆಯುತ್ತಿದ್ದರು; ಬೀದಿಗೆ ಕಾಣದಿರಲಿ ಎಂದು ಕಿಟಕಿ ಮುಚ್ಚಿಕೊಂಡು ಹೆಣೆಯುತ್ತಿದ್ದರು. ಅದೇ ಊರಿನಲ್ಲಿ ನಲವತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ಪೂರ್ತಿ ತಿರುಗಿದೆ. ಈಗ "ಹುಡುಗಿ ಕೆಲಸಕ್ಕೆ ಹೋಗಬೇಕೆಂದೇನಿಲ್ಲ, ಮನೆ ನೋಡಿಕೊಂಡಿದ್ದರೆ ಸಾಕು" ಎಂದು ಬರೆಸುವ ಹುಡುಗ ತಲೆ ತಗ್ಗಿಸಿಕೊಂಡು ಬರೆಸುತ್ತಾನೆ. ಆಗ ಅಂದವರಿಗೂ ಈಗ ಅನ್ನುವವರಿಗೂ ಗಂಡಸು ಹೇಗಿರಬೇಕು ಎಂಬುದರ ಚಿಂತೆಯೇ ದೊಡ್ಡದು. ಅವನ ಪಕ್ಕದಲ್ಲಿ ನಿಂತ ಹೆಂಗಸಿನ ಬಗ್ಗೆ ಆಗಲೂ ಯಾರೂ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಎರಡು ವರ್ಷದ ಹಿಂದೆ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದ, ಮೂವತ್ತೆರಡು ವರ್ಷದ ಹುಡುಗ ಅಕ್ಕನೊಂದಿಗೆ ಬಂದಿದ್ದ. ಫಾರಂ ತುಂಬುವಾಗ, ಗೃಹಿಣಿಯಾಗಿರಲು ಇಷ್ಟವಿರುವ ಹುಡುಗಿಯಾದರೆ ಒಳ್ಳೆಯದು ಎಂದು ಬರೆಯಿರಿ ಎಂದ. ಪಕ್ಕದ ಬೆಂಚಿನಲ್ಲಿ ಹೆಣ್ಣಿನ ಕಡೆಯವರು ನಾಲ್ಕೈದು ಜನ ಕೂತಿದ್ದರು. ಒಬ್ಬರು ನಕ್ಕರು. ಇನ್ನೊಬ್ಬರು, ಅಡುಗೆಯವರನ್ನು ಇಟ್ಟುಕೊಳ್ಳಬಹುದಲ್ಲ ತಮ್ಮಾ, ಮದುವೆ ಯಾಕೆ ಎಂದರು. ಹುಡುಗನ ಅಕ್ಕ ಕೂಡಲೇ ನನ್ನ ಕೈ ಹಿಡಿದು, "ಅಮ್ಮಾ, ಅದನ್ನ ಹೊಡೆದುಹಾಕಿ, ಹುಡುಗಿ ಇಷ್ಟ ಅಂತ ಬರೀರಿ" ಎಂದಳು. ನಾನು ಆ ಸಾಲನ್ನು ಹೊಡೆದುಹಾಕಿ, 'ಹುಡುಗಿಯ ಇಷ್ಟ' ಎಂದು ಬರೆದೆ.

ಹಾಗೆ ಬರೆದದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿದೆ. 'ಹುಡುಗಿಯ ಇಷ್ಟ' ಎಂಬ ಆ ಎರಡು ಪದಗಳನ್ನು ನಂಬಿಕೊಂಡು ಒಬ್ಬ ಸ್ಟಾಫ್ ನರ್ಸ್ ಹುಡುಗಿ ಅವನನ್ನು ಒಪ್ಪಿದಳು. ಮದುವೆಯಾದ ಐದನೆಯ ತಿಂಗಳಿಗೆ ಅವಳು ಕೆಲಸ ಬಿಟ್ಟಿದ್ದಳು. ಹೊಡೆತ ಬಡಿತ ಏನೂ ಇಲ್ಲ, ಬೈದದ್ದೂ ಇಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಮನೆಯಲ್ಲಿ ಮುಖ ಗಂಟಾಗಿರುತ್ತಿತ್ತು, ಅಷ್ಟೇ. ಅವಳ ತಾಯಿ ಬಂದು ನನ್ನ ಮುಂದೆ ಪುಸ್ತಕ ತೆರೆಸಿ ಆ ಸಾಲಿನ ಮೇಲೆ ಬೆರಳಿಟ್ಟು, ನೀವೇ ಬರೆದಿದ್ದೀರಲ್ಲ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ಬೆಂಚಿನ ಮೇಲೆ ಯಾರೂ ನಗದೇ ಇದ್ದಿದ್ದರೆ, ಅವನ ಮನಸ್ಸಿನಲ್ಲಿದ್ದದ್ದು ಕಾಗದದ ಮೇಲೆ ಉಳಿಯುತ್ತಿತ್ತು. ಆ ಹುಡುಗಿ ಅದನ್ನು ಓದಿ ಪುಟ ತಿರುಗಿಸುತ್ತಿದ್ದಳು, ಅಥವಾ ತನ್ನ ಷರತ್ತುಗಳನ್ನು ಹೇಳಿ ಒಪ್ಪುತ್ತಿದ್ದಳು. ನಾವು ಹುಡುಗರನ್ನು ನಾಚಿಸಿದ್ದರಿಂದ ಅವರ ಬಯಕೆ ಹೋಗಲಿಲ್ಲ. ಅದು ಮದುವೆಯ ಮುಂಚಿನ ಮಾತುಕತೆಯಿಂದ ಹೊರಗೆ ಹೋಗಿ, ಮದುವೆಯ ನಂತರದ ಅಡುಗೆಮನೆಯಲ್ಲಿ ಹೋಗಿ ಕೂತಿತು, ಅಷ್ಟೇ. ಹೆಣ್ಣುಮಕ್ಕಳ ಹಿತಕ್ಕೆಂದು ಹುಡುಗರನ್ನು ಜರೆಯುವವರು ಇದನ್ನು ಯೋಚಿಸಬೇಕೆಂದು ನನ್ನ ಕಳಕಳಿಯ ವಿನಂತಿ.

ಇನ್ನೊಂದು ಮಾತು. ನನ್ನ ಪುಸ್ತಕದಲ್ಲಿ "ಉದ್ಯೋಗಸ್ಥ ಹುಡುಗಿಯೇ ಆಗಬೇಕು" ಎಂದು ಬರೆಸುವ ಹುಡುಗರ ಸಂಖ್ಯೆ ಈಗ ಹೆಚ್ಚು. ಅವರನ್ನು ನೋಡಿ ಯಾರೂ ನಗುವುದಿಲ್ಲ. ಮುಂದುವರಿದ ಮನೆತನ ಎಂಬ ಮೆಚ್ಚುಗೆಯೇ ಸಿಗುತ್ತದೆ. ಅವರಲ್ಲಿ ಹೆಣ್ಣಿನ ಓದಿಗೆ, ಅವಳ ಸ್ವಂತ ಬದುಕಿಗೆ ಬೆಲೆ ಕೊಡುವವರು ಖಂಡಿತ ಇದ್ದಾರೆ. ಆದರೆ ಬ್ಯಾಂಕಿನವರು ಮನೆಸಾಲಕ್ಕೆ ಇಬ್ಬರ ಸಂಬಳದ ಚೀಟಿ ಕೇಳಿದ್ದಾರೆ ಎಂಬ ಕಾರಣಕ್ಕೆ ಬರೆಸುವವರೂ ಇದ್ದಾರೆ, ಮತ್ತು ಅಂಥ ಮನೆಗಳಲ್ಲಿ ಹುಡುಗಿ ಸಂಜೆ ಏಳಕ್ಕೆ ಬಂದು ಬ್ಯಾಗು ಇಳಿಸಿ ನೇರ ಕುಕ್ಕರ್ ಇಡುತ್ತಾಳೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆಂದು ಕಂಡುಬಂದಿದೆ. 2019ರ ಸಮೀಕ್ಷೆಯಲ್ಲಿ ಈ ಲೆಕ್ಕ 299 ಮತ್ತು 97 ಆಗಿತ್ತು. ಐದು ವರ್ಷದಲ್ಲಿ ಹೆಂಗಸರದು ಹತ್ತು ನಿಮಿಷ ಇಳಿದರೆ ಗಂಡಸರದೂ ಒಂಬತ್ತು ನಿಮಿಷ ಇಳಿದಿದೆ. ಹೆಂಡತಿಯ ಸಂಬಳವೂ ಬೇಕು, ಆ 289 ನಿಮಿಷವೂ ಬೇಕು ಎನ್ನುವವನಿಗಿಂತ, ಒಂದು ಸಾಕು ಎಂದು ಬಾಯಿಬಿಟ್ಟು ಹೇಳುವವನನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಹಾಗೆಂದು ಅಂಥವರೆಲ್ಲರ ಪರವಾಗಿ ನಾನು ವಕಾಲತ್ತು ವಹಿಸುತ್ತಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದಿದ್ದ. ತಂದೆಗೆ ಲಕ್ವ ಹೊಡೆದು ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿರುವ ಹುಡುಗಿ ಬೇಕು ಎಂದ. ಈಗ ಅಪ್ಪನನ್ನು ಯಾರು ನೋಡಿಕೊಳ್ಳುತ್ತಾರಪ್ಪ ಎಂದು ಕೇಳಿದೆ. "ಅಮ್ಮ. ಆದ್ರೆ ಅಮ್ಮಂಗೆ ಮಂಡಿ ನೋವು, ಇನ್ನು ಆಗಲ್ಲ" ಎಂದ. ನೀನು ಎಷ್ಟು ದಿನ ಅಪ್ಪನಿಗೆ ಸ್ನಾನ ಮಾಡಿಸಿದ್ದೀಯೆ ಎಂದು ಕೇಳಿದ್ದಕ್ಕೆ ಅವನಲ್ಲಿ ಮಾತಿರಲಿಲ್ಲ. ಅವನ ಕಷ್ಟ ನಿಜ, ಅವನ ತಾಯಿಯ ಮಂಡಿ ನೋವೂ ನಿಜ. ಆದರೆ ಅವನು ಹುಡುಕುತ್ತಿದ್ದದ್ದು ಹೆಂಡತಿಯನ್ನಲ್ಲ, ತಾಯಿಯ ಜಾಗಕ್ಕೆ ಇನ್ನೊಬ್ಬಳನ್ನು. ಅದನ್ನು ಅವನ ಮುಖಕ್ಕೇ ಹೇಳಿದೆ. ಬೇಜಾರು ಮಾಡಿಕೊಳ್ಳದೆ ಕೇಳಿಸಿಕೊಂಡ ಎಂಬುದು ಅವನ ದೊಡ್ಡತನ.

ನಮ್ಮ ಮಲೆನಾಡಿನ ತೋಟದ ಮನೆಗಳ ಮಾತೇ ಬೇರೆ. ಅಲ್ಲಿಯ ಹುಡುಗರಿಗೆ ಹೆಣ್ಣು ಸಿಗುವುದೇ ಕಷ್ಟವಾಗಿದೆ. ಆ ಕಷ್ಟ ಮಲೆನಾಡಿಗೆ ಮಾತ್ರ ಸೇರಿದ್ದಲ್ಲ. ಮಂಡ್ಯ ಕಡೆಯ ಮದುವೆಯಾಗದ ಯುವಕರು 2023ರಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ತೋಟದ ಹುಡುಗ ಮನೆಯಲ್ಲಿರುವ ಹೆಂಡತಿ ಬೇಕು ಎಂದಾಗ ಆ ಮಾತಿನ ಅರ್ಥವನ್ನು ಅವನಾಗಲಿ, ಕೇಳುವವರಾಗಲಿ ಸರಿಯಾಗಿ ನೋಡುವುದಿಲ್ಲ. ಸುಗ್ಗಿಯ ಮೂರು ತಿಂಗಳು ಆ ಮನೆಯ ಹೆಂಗಸು ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ, ಆಳುಗಳಿಗೆ ಎರಡು ಹೊತ್ತು ಚಾ ತಿಂಡಿ, ಮಧ್ಯಾಹ್ನದ ಊಟ ಹಾಕಿ, ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು, ಬೇಯಿಸುವ ಹಂಡೆಯ ಉರಿ ನೋಡಿ, ಬೆಳಿಗ್ಗೆ ಎದ್ದು ಒಣಗಿಸುವ ಅಟ್ಟಕ್ಕೆ ಹರಡಿ, ಮೋಡ ಕಂಡರೆ ಓಡಿಹೋಗಿ ಬಾಚಿ, ನಡುವೆ ಕೊಟ್ಟಿಗೆಯ ಕೆಲಸವನ್ನೂ ಮುಗಿಸುತ್ತಾಳೆ. ಅಡಿಕೆ ಬೇಯಿಸಿದ ಚೊಗರಿನ ಕಲೆ ಅವಳ ಅಂಗೈಯಿಂದ ಶಿವರಾತ್ರಿಯವರೆಗೂ ಹೋಗುವುದಿಲ್ಲ. ಅಡಿಕೆ ಮಂಡಿಯ ಖಾತೆ ಮಾತ್ರ ಗಂಡನ ಹೆಸರಿನಲ್ಲಿ, ಪಹಣಿ ಮಾವನ ಹೆಸರಿನಲ್ಲಿ. ಇವಳನ್ನು 'ಮನೆಯಲ್ಲಿರುವವಳು' ಎಂದು ಕರೆಯುತ್ತೇವೆ. ತೋಟದ ಹುಡುಗ ನಿಜವಾಗಿ ಕೇಳುತ್ತಿರುವುದು ದುಡಿಮೆಯ ಪಾಲುದಾರಳನ್ನು. ಹಾಗೆಂದು ಹೇಳಿ, ಪಾಲು ಎಷ್ಟು ಎಂಬುದನ್ನೂ ಹೇಳಿದರೆ, ತೋಟಕ್ಕೆ ಹೋಗಲು ಒಪ್ಪುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ನನ್ನಲ್ಲಿಗೆ ಬಂದ ಒಬ್ಬ ಕೃಷಿ ಡಿಪ್ಲೊಮಾ ಹುಡುಗಿ, "ನಂಗೆ ತೋಟ ಬೇಡ ಅಂತಲ್ಲ, ನಾ ಅಲ್ಲಿ ಯಾರು ಅಂತ ಹೇಳ್ಲಿ" ಎಂದದ್ದನ್ನು ನಾನು ಮರೆತಿಲ್ಲ.

ಈ ಪತ್ರ ಬರೆಯಲು ನನಗೆ ಹೆಚ್ಚಿನ ಒತ್ತಾಯ ಬಂದದ್ದು ನನ್ನ ಅಕ್ಕನ ನೆನಪಿನಿಂದ. ಅಕ್ಕ ನನಗಿಂತ ಜಾಣೆ. ಆಗಿನ ಕಾಲಕ್ಕೆ ಬಿ.ಎಸ್ಸಿ. ಮುಗಿಸಿದವಳು. 1980ರಲ್ಲಿ ಭಾವ ನೋಡಲು ಬಂದಾಗ, ನೌಕರಿಗೆ ಹೋಗುವುದು ಬೇಡ, ಮನೆಯಲ್ಲಿ ಆರಾಮಾಗಿ ಇರಲಿ, ನಾನು ದುಡಿಯುತ್ತೇನೆ ಎಂದರು. ಅಕ್ಕ ಸಂತೋಷದಿಂದಲೇ ಒಪ್ಪಿದಳು. ಭಾವ ಒಳ್ಳೆಯವರು; ಸಂಬಳದ ಕವರನ್ನು ಒಡೆಯದೆ ತಂದು ಅವಳ ಕೈಗೆ ಕೊಡುತ್ತಿದ್ದರು. ಅಕ್ಕ ಇಪ್ಪತ್ತೊಂಬತ್ತು ವರ್ಷ ಒಂದು ದಿನವೂ ತಪ್ಪದೆ ಮನೆಯ ಲೆಕ್ಕ ಬರೆದಳು. ಹಾಲು, ಸೀಮೆಎಣ್ಣೆ, ಮಗನ ಫೀಸು, ಅತ್ತೆಯ ಕಣ್ಣಿನ ಆಪರೇಷನ್, ಸೈಟಿನ ಕಂತು, ಎಲ್ಲವೂ ಅವಳ ದುಂಡು ಅಕ್ಷರದಲ್ಲಿ, ಕೆಂಪು ರಟ್ಟಿನ ಪುಸ್ತಕಗಳಲ್ಲಿ ಇವೆ. ಆ ಸೈಟಿನ ಕಂತನ್ನು ಉಳಿಸಿದ್ದು ಅವಳೇ ಎಂಬುದು ಆ ಪುಸ್ತಕ ನೋಡಿದ ಯಾರಿಗೂ ತಿಳಿಯುತ್ತದೆ.

2009ರ ಶ್ರಾವಣದಲ್ಲಿ ಭಾವ ಕಚೇರಿಯಲ್ಲಿಯೇ ಹೃದಯಾಘಾತವಾಗಿ ತೀರಿಕೊಂಡರು. ಕರ್ಮಾಂತರ ಮುಗಿದ ಮೇಲೆ ಕಾಗದಗಳ ಪೆಟ್ಟಿಗೆ ತೆಗೆದು ನೋಡಿದರೆ, ಮದುವೆಗೆ ಮುಂಚೆ ಮಾಡಿಸಿದ ವಿಮೆಯಲ್ಲಿ ನಾಮಿನಿ ಅವರ ಅಣ್ಣ. ಬ್ಯಾಂಕಿನ ಖಾತೆ ಒಬ್ಬರದೇ ಹೆಸರಿನಲ್ಲಿ. ಸೈಟು, ಅದರ ಮೇಲೆ ಕಟ್ಟಿದ ಮನೆ, ಎಲ್ಲ ಭಾವನ ಹೆಸರಿನಲ್ಲಿ. ನಾಮಿನಿ ಎಂದರೆ ಹಣ ತೆಗೆದುಕೊಂಡು ವಾರಸುದಾರರಿಗೆ ಮುಟ್ಟಿಸುವವನೇ ಹೊರತು ಅದರ ಒಡೆಯನಲ್ಲ ಎಂದು ಆಗಿನ ಕಾನೂನೂ ಹೇಳುತ್ತಿತ್ತು. ಆದರೆ ಬೇರೆಯವರ ಕೈಸೇರಿದ ಹಣವನ್ನು ಬಿಡಿಸಿಕೊಳ್ಳಲು ಎಷ್ಟು ಸಲ ಬಾಗಿಲು ತಟ್ಟಬೇಕೆಂಬುದನ್ನು ಯಾವ ಕಾನೂನೂ ಹೇಳುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸು ಪತ್ರ, ಖಾತೆ ಬದಲಾವಣೆ ಎಂದು ಎರಡೂವರೆ ವರ್ಷ ಓಡಾಡಿದೆವು. ಒಂದು ಕೌಂಟರಿನಲ್ಲಿ ಗುಮಾಸ್ತರು ತಲೆ ಎತ್ತದೆ, "ಉದ್ಯೋಗ?" ಎಂದು ಕೇಳಿದರು. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿ, "ಏನಿಲ್ಲ" ಎಂದಳು. ಅವರು 'ಇಲ್ಲ' ಎಂದು ಬರೆದುಕೊಂಡರು. ಅಕ್ಕನ ಕೈಚೀಲದಲ್ಲಿ ಆ ಹೊತ್ತಿಗೆ ಲೆಕ್ಕದ ಎರಡು ಪುಸ್ತಕಗಳಿದ್ದವು. ಯಾರಾದರೂ ಕೇಳಿದರೆ ಇರಲಿ ಎಂದು ತಂದಿದ್ದಳು. ಯಾರೂ ಕೇಳಲಿಲ್ಲ.

ಭಾವನನ್ನು ಕೆಟ್ಟವರೆಂದು ನಾನು ಹೇಳಲಾರೆ. ಅವರಿಗೆ ಹೆಂಡತಿ ಮನೆಯಲ್ಲಿರಬೇಕು ಎಂಬ ಆಸೆಯಿತ್ತು, ಪ್ರೀತಿಯಿತ್ತು. ಮನೆಯಲ್ಲಿರುವವಳ ಹೆಸರು ಕಾಗದದ ಮೇಲೂ ಇರಬೇಕು ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ, ಅಕ್ಕನಿಗೂ ಹೊಳೆಯಲಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ದಿನಕ್ಕೆ ಐವತ್ತು ಜನರಿಂದ ನಾಮಿನಿ ಕಾಲಂ ತುಂಬಿಸುತ್ತಿದ್ದ ನನಗೂ ಅಕ್ಕನ ಮನೆಯ ಕಾಗದ ಕೇಳಬೇಕೆಂದು ತೋಚಲಿಲ್ಲ. ಅಲ್ಲಿ ಏನು ಕೇಳುವುದು, ಚೆನ್ನಾಗಿದ್ದಾರಲ್ಲ ಎಂದುಕೊಂಡಿದ್ದೆ.

ನಮ್ಮ ದೇಶದಲ್ಲಿ ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟುವ ಜಾಗ ಒಂದಿದೆ. ಅದು ಅಪಘಾತದ ಪರಿಹಾರ ನಿರ್ಧರಿಸುವ ನ್ಯಾಯಪೀಠ. 1989ರಲ್ಲಿ ಜಮ್‌ಶೆಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ, ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿಯ ಬೆಲೆ ಹಿಡಿಯಿತು. ಜನಗಣತಿಯವರು ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆಗೆ ದುಡಿಯದವರ ಸಾಲಿನಲ್ಲಿ ಸೇರಿಸಿದ್ದನ್ನು 2010ರಲ್ಲಿ ಅದೇ ನ್ಯಾಯಾಲಯ ಕಟುವಾಗಿ ಟೀಕಿಸಿತು. 2021ರ ಜನವರಿಯಲ್ಲಿ ಮತ್ತೊಂದು ಅಪಘಾತ ಪ್ರಕರಣದಲ್ಲಿ, 2011ರ ಜನಗಣತಿಯಂತೆ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು ಹೇಳಿದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷದಷ್ಟು ಎಂಬ ಲೆಕ್ಕವನ್ನು ಎತ್ತಿ ಹೇಳಿ, ಇವರು ದುಡಿಯುವುದಿಲ್ಲ ಎಂಬ ಗ್ರಹಿಕೆಯೇ ತಪ್ಪು ಎಂದಿತು. ಓದಿದಾಗ ಕಣ್ಣು ತುಂಬುವ ತೀರ್ಪುಗಳು ಇವು. ಆದರೆ ಇವೆಲ್ಲ ಹೆಂಗಸು ಸತ್ತ ಮೇಲೆ ಅವಳ ಮನೆಯವರಿಗೆ ಸಿಕ್ಕ ಬೆಲೆ.

ಬದುಕಿರುವ ಗೃಹಿಣಿಗೆ ಕಾನೂನು ಕೊಟ್ಟದ್ದು ಕಡಿಮೆ. ಗಂಡ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವನ ತಾಯಿ, ಮಕ್ಕಳ ಜೊತೆ ಅವಳಿಗೂ ಸಮನಾದ ಒಂದು ಪಾಲಿದೆ, ಅದೂ ಅವನು ಉಯಿಲು ಬರೆದಿಡದಿದ್ದರೆ; ಬೇರ್ಪಟ್ಟರೆ ಜೀವನಾಂಶವಿದೆ. ಸಂಸಾರ ನಡೆಯುತ್ತಿರುವಾಗ ಗಂಡನ ಹೆಸರಿನಲ್ಲಿ ಕೊಂಡ ಆಸ್ತಿ ಗಂಡನದೇ. ನಮ್ಮ ಕಾರವಾರದಿಂದ ಮಾಜಾಳಿ ದಾಟಿ ಗೋವೆಗೆ ಕಾಲಿಟ್ಟರೆ ಬೇರೆ ಕಾನೂನು; ಅಲ್ಲಿ ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಆಸ್ತಿ ಗಂಡ ಹೆಂಡಿರಿಬ್ಬರಿಗೂ ಅರ್ಧರ್ಧ, ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮನೆ ಜಮೀನು ಮಾರುವಂತಿಲ್ಲ. ಗಡಿಯ ಈಚೆಗೆ ಮದುವೆಯಾಗಿ ಬಂದವಳಿಗೆ ಆ ಹಕ್ಕಿಲ್ಲ. ಗೃಹಿಣಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕೊಟ್ಟ ಪಾಲೇ, ಆದ್ದರಿಂದ ಅವಳಿಗೆ ಸಮಪಾಲು ಸಲ್ಲಬೇಕು ಎಂದು 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಒಂದು ಪ್ರಕರಣದಲ್ಲಿ ಹೇಳಿದ್ದು ದೊಡ್ಡ ಹೆಜ್ಜೆ. ಆದರೆ ಅದಕ್ಕೂ ಆ ಕುಟುಂಬ ನ್ಯಾಯಾಲಯಗಳನ್ನು ಹತ್ತಿ ಇಳಿಯಬೇಕಾಯಿತು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು 2024ರ ಜುಲೈ 10ರ ತೀರ್ಪಿನಲ್ಲಿ, ಸ್ವಂತ ಆದಾಯವಿಲ್ಲದ ಹೆಂಡತಿಗೆ ಗಂಡನಾದವನು ಹಣಕಾಸಿನ ಬಲ ಕೊಡಬೇಕು, ಜಂಟಿ ಖಾತೆ ತೆರೆಯಬೇಕು, ಎಟಿಎಂ ಕಾರ್ಡು ಅವಳ ಕೈಗೂ ಸಿಗುವಂತಿರಬೇಕು ಎಂಬರ್ಥದಲ್ಲಿ ಬರೆದರು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಎಟಿಎಂ ಕಾರ್ಡಿನ ಮಾತು ಬಂದದ್ದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಿರಬಹುದು. ಅಕ್ಕನ ಜೊತೆ ಎರಡೂವರೆ ವರ್ಷ ಸರದಿಯಲ್ಲಿ ನಿಂತ ನನಗೆ ಆಶ್ಚರ್ಯವಾಗಲಿಲ್ಲ.

ಗೃಹಲಕ್ಷ್ಮಿ ಯೋಜನೆಯಲ್ಲಿ 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರುತ್ತಿದೆ. ಅದರ ಬಗ್ಗೆ ನಾನಾ ಅಭಿಪ್ರಾಯಗಳಿವೆ, ಆ ಚರ್ಚೆ ಇಲ್ಲಿ ಬೇಡ. ಸರ್ಕಾರ ಬೇರೆಯವರ ಮನೆಯ ಹೆಂಗಸಿನ ಖಾತೆಗೆ ಹಣ ಹಾಕುತ್ತಿರುವಾಗ, ನೀನು ಮನೆಯಲ್ಲಿಯೇ ಇರು ಎಂದು ಕೇಳಿಕೊಂಡ ಗಂಡ ತನ್ನ ಹೆಂಡತಿಯ ಖಾತೆಗೆ ಎಷ್ಟು ಹಾಕುತ್ತಾನೆ ಎಂದು ಕೇಳುವುದು ತಪ್ಪಲ್ಲ ಎಂಬುದಷ್ಟೇ ನನ್ನ ಮಾತು.

ಇದನ್ನು ನನಗೆ ಕಲಿಸಿದವನು ಒಬ್ಬ ವೈರಿಂಗ್ ಕೆಲಸದ ಹುಡುಗ. ಓದಿದ್ದು ಐಟಿಐ, ಸ್ವಂತ ಗೂಡ್ಸ್ ಆಟೋ, ಕೈಕೆಳಗೆ ಇಬ್ಬರು ಹುಡುಗರು. ಮನೆಯಲ್ಲಿರುವ ಹುಡುಗಿ ಬೇಕು ಎಂದು ಬರೆಸಿ, ಹೋಗುವಂತೆ ಎದ್ದು, ಮತ್ತೆ ಕೂತು, "ಅಮ್ಮಾ, ಇನ್ನೊಂದು ಸಾಲು ಬರೀರಿ. ಅವಳ ಹೆಸರಲ್ಲಿ ತಿಂಗ್ಳಿಗೆ ಐದು ಸಾವಿರ ಆರ್‌ಡಿ ಕಟ್ತೀನಿ. ಅದು ಅವಳದ್ದು, ನಾ ಕೇಳಲ್ಲ" ಎಂದ. ಯಾಕಪ್ಪ ಎಂದು ಕೇಳಿದೆ. ಅವನ ತಾಯಿ ಆರ್‌ಡಿ ಏಜೆಂಟರ ಕೈಯಲ್ಲಿ ತಿಂಗಳಿಗೆ ಐವತ್ತು ರೂಪಾಯಿ ಗುಟ್ಟಾಗಿ ಕಟ್ಟುತ್ತಿದ್ದಳಂತೆ. ಅಪ್ಪನಿಗೆ ಗೊತ್ತಾದ ದಿನ ಮನೆಯಲ್ಲಿ ರಂಪವಾಯಿತಂತೆ. ಆ ಹಣದಿಂದಲೇ ಮುಂದೆ ಇವನ ಐಟಿಐ ಫೀಸು ಕಟ್ಟಿದ್ದಂತೆ. ಹಾಗೆ ಸೆರಗಿನ ತುದಿಗೆ ಗಂಟು ಹಾಕಿದ ನೋಟು ಬಿಚ್ಚಿ, ಪಾಸ್ ಪುಸ್ತಕವನ್ನು ಅಕ್ಕಿ ಡಬ್ಬದಲ್ಲಿ ಇಡುತ್ತೇನೆ ಎನ್ನುತ್ತಿದ್ದ ಹೆಂಗಸರನ್ನು ನಾನು ಕೌಂಟರಿನ ಈಚೆಯಿಂದ ಮೂವತ್ತೊಂದು ವರ್ಷ ನೋಡಿದ್ದೇನೆ. ತಿಂಗಳಿಗೆ ಐದು ಸಾವಿರವೆಂದರೆ ಐದು ವರ್ಷಕ್ಕೆ ಅಸಲೇ 3 ಲಕ್ಷ. ಗುಟ್ಟಾಗಿ ಅಲ್ಲ, ಮದುವೆಗೆ ಮುಂಚೆ, ಬರವಣಿಗೆಯಲ್ಲಿ. ಆ ಸಾಲನ್ನು ಓದಿದ ಮೂರು ಮನೆಯವರು ಅದೇ ವಾರ ಅವನನ್ನು ವಿಚಾರಿಸಿದರು.

ಇಂಥ ದಾರಿಗಳು ಬೇರೆಯೂ ಇವೆ, ಮತ್ತು ಅವುಗಳಿಗೆ ಹೊಸ ಕಾನೂನು ಬೇಕಿಲ್ಲ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಗಂಡನಾದವನು ತನ್ನ ಜೀವದ ಮೇಲೆ ಹೆಂಡತಿಯ ಹಿತಕ್ಕೆಂದು ವಿಮೆ ಮಾಡಿಸಿದರೆ ಆ ಹಣ ಅವಳಿಗೇ ಮೀಸಲು. ಅವನ ಸಾಲಗಾರರೂ ಅದಕ್ಕೆ ಕೈಹಾಕುವಂತಿಲ್ಲ. ವಿಮೆ ಮಾಡಿಸುವಾಗಲೇ ಅದಕ್ಕೊಂದು ಫಾರಂ ತುಂಬಬೇಕು, ಅಷ್ಟೇ; ನೂರೈವತ್ತು ವರ್ಷ ಹಳೆಯ ಈ ಸವಲತ್ತನ್ನು ಬಳಸಿಕೊಂಡವರನ್ನು ನಾನು ಕಂಡದ್ದು ಬೆರಳೆಣಿಕೆ. ಮನೆ ಕೊಳ್ಳುವಾಗ ಕ್ರಯಪತ್ರದಲ್ಲಿ ಇಬ್ಬರ ಹೆಸರು ಹಾಕಿಸಬಹುದು. ಹಿಂದೂ ಹೆಣ್ಣಿನ ಹೆಸರಿಗೆ ಹೀಗೆ ಬಂದ ಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮಿನಂತೆ ಅವಳದೇ ಪೂರ್ಣ ಸ್ವತ್ತು. ಮದುವೆಯಾದ ತಿಂಗಳಿನಲ್ಲಿಯೇ ಪಿಎಫ್, ವಿಮೆ, ಬ್ಯಾಂಕ್ ಖಾತೆಗಳ ನಾಮಿನಿ ಬದಲಾಯಿಸುವುದಕ್ಕೆ ಖರ್ಚೇನೂ ಇಲ್ಲ. ಮದುವೆಯ ಛತ್ರಕ್ಕೆ, ಊಟದ ಎಲೆಗೆ, ಫೋಟೋಗ್ರಾಫರಿಗೆ ಕೂತು ಲೆಕ್ಕ ಹಾಕುವ ಹಿರಿಯರು ಇದಕ್ಕೆ ಅರ್ಧ ಗಂಟೆ ಕೊಡುವುದಿಲ್ಲ.

ಹೆಣ್ಣಿನ ಕಡೆಯವರಿಗೂ ಒಂದು ಮಾತು ಹೇಳಲೇಬೇಕು. ಹೆಣ್ಣಿನ ತಂದೆಯಂದಿರು ಹುಡುಗನನ್ನು ಕೇಳುವ ಪ್ರಶ್ನೆ ಹೀಗಿರುತ್ತದೆ: "ಮದುವೆ ಆದ್ಮೇಲೆ ಕೆಲಸಕ್ಕೆ ಕಳಿಸ್ತೀರಾ?" ಕಳಿಸುವುದು ಎಂಬ ಮಾತನ್ನು ಗಮನಿಸಿ. ಕಳಿಸುವವನು ಒಬ್ಬ, ಹೋಗುವವಳು ಒಬ್ಬಳು ಎಂದು ಪ್ರಶ್ನೆ ಕೇಳುವಾಗಲೇ ತೀರ್ಮಾನವಾಗಿಬಿಟ್ಟಿದೆ. ಕಳಿಸುತ್ತೇನೆ ಎಂದವನನ್ನು ಒಳ್ಳೆಯವನೆಂದೂ, ಇಲ್ಲ ಎಂದವನನ್ನು ಕೆಟ್ಟವನೆಂದೂ ಎಣಿಸುವ ನಾವು, ಇಬ್ಬರ ಕೈಗೂ ಒಂದೇ ಬೀಗದ ಕೈ ಕೊಟ್ಟಿರುತ್ತೇವೆ. ಮನೆಯಲ್ಲಿಯೇ ಇರಬೇಕೆಂದು ಮನಸಾರೆ ಬಯಸುವ ಹುಡುಗಿಯರೂ ನನ್ನಲ್ಲಿಗೆ ಬರುತ್ತಾರೆ, ಮತ್ತು ಅವರು ಈ ಹುಡುಗರಿಗಿಂತ ಹೆಚ್ಚು ನಾಚುತ್ತಾರೆ. ಎಂ.ಎ. ಮಾಡಿದ ಒಬ್ಬಳು, ಇಷ್ಟು ಓದಿಸಿದ್ದು ಇದಕ್ಕೇನಾ ಎಂದು ಅಪ್ಪ ಬೈಯುತ್ತಾರೆ ಎಂದು ಹೇಳಿ ಅತ್ತಳು. ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷ, ಕೈಗೆ ಸರಿಯಾಗಿ ಬಾರದ ಸಂಬಳಕ್ಕೆ, ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ದುಡಿದು ದಣಿದವಳು ಅವಳು. ಅವಳ ಬಯಕೆಗೂ ಗೌರವ ಸಲ್ಲಬೇಕು. ಆದರೆ ಅವಳಿಗೂ ನಾನು ಹೇಳಿದ್ದು ಅದನ್ನೇ: ಮನೆಯಲ್ಲಿ ಇರು, ಆದರೆ 'ಏನಿಲ್ಲ' ಎಂದು ಹೇಳಬೇಕಾದ ಸ್ಥಿತಿಗೆ ಬರಬೇಡ; ನಿನ್ನ ಬಿ.ಎಡ್. ಪ್ರಮಾಣಪತ್ರವನ್ನು ತವರಿನ ಅಟ್ಟದಲ್ಲಿ ಬಿಟ್ಟು ಹೋಗಬೇಡ. ನಾಳೆ ಮನಸ್ಸು ಬದಲಾದರೆ ಹೊರಗೆ ಹೋಗುವ ದಾರಿಯ ಬಗ್ಗೆ ಇಂದೇ ಅವನೊಂದಿಗೆ ಮಾತಾಡಿಕೋ.

ಕಳೆದ ಯುಗಾದಿಯಿಂದ ನಮ್ಮ ನೋಂದಣಿ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚಿಸಿದ್ದೇವೆ. ಹುಡುಗಿ ಗೃಹಿಣಿಯಾಗಿರಬೇಕೆಂದು ಬರೆಸುವ ಹುಡುಗ, ಅವಳ ಹೆಸರಿನಲ್ಲಿ ಏನು ಇಡುತ್ತೇನೆ ಎಂಬುದನ್ನೂ ಅದರ ಪಕ್ಕದಲ್ಲಿ ಬರೆಸಬೇಕು. ಏನೂ ಇಲ್ಲದಿದ್ದರೆ ಆ ಕಾಲಮನ್ನು ಖಾಲಿ ಬಿಡುತ್ತೇವೆ, ನೋಡುವವರು ನೋಡುತ್ತಾರೆ. ಬೆಂಚಿನ ಮೇಲೆ ಕೂತು ನಗುವುದನ್ನೂ ನಾನು ಈಗ ಬಿಡುವುದಿಲ್ಲ. ಮೊದಲ ಮೂರು ತಿಂಗಳು ಕೆಲವರು ಸಿಟ್ಟಾಗಿ ಎದ್ದು ಹೋದರು, ಹೆಣ್ಣಿಗೆ ಬೆಲೆ ಕಟ್ಟುತ್ತಿದ್ದೀರಾ ಎಂದು ಒಬ್ಬ ಹಿರಿಯರು ಗದರಿದರು. ಗಂಡಿಗೆ ಬೆಲೆ ಕಟ್ಟಿ ವರದಕ್ಷಿಣೆ ಎಣಿಸಿದ ಕಾಲವನ್ನು ಕಂಡವರೇ ಅವರು. ನನಗೆ ನೋವಾಯಿತು, ಆದರೂ ಕಾಲಂ ಅಳಿಸಲಿಲ್ಲ. ಈಗ ಹುಡುಗರೇ ಮನೆಯಲ್ಲಿ ಯೋಚಿಸಿಕೊಂಡು ಬರುತ್ತಾರೆ.

ನಿಮ್ಮ ಪತ್ರಿಕೆಯ ಭಾನುವಾರದ ವಧೂವರರ ಪುಟ ನಮ್ಮ ಪುಸ್ತಕಕ್ಕಿಂತ ಸಾವಿರಪಾಲು ಜನರನ್ನು ಮುಟ್ಟುತ್ತದೆ. ಅಲ್ಲಿ ಜಾಹೀರಾತಿಗೆ ಪದದ ಲೆಕ್ಕದಲ್ಲಿ ಹಣ ಕಟ್ಟಬೇಕಾದ್ದರಿಂದ ಜನ ಜಾತಿ, ನಕ್ಷತ್ರ, ಎತ್ತರ, ಸಂಬಳ ಬರೆದು ಮುಗಿಸುತ್ತಾರೆ. 'ಗೃಹಿಣಿಯಾಗಿರಲು ಇಚ್ಛಿಸುವ ವಧು ಬೇಕು' ಎಂದು ಪ್ರಕಟಿಸುವವರು 'ಜಂಟಿ ಖಾತೆ', 'ಜಂಟಿ ಕ್ರಯಪತ್ರ', 'ವಧುವಿನ ಹೆಸರಿನಲ್ಲಿ ವಿಮೆ' ಇಂಥ ಪದಗಳನ್ನು ಸೇರಿಸಿದರೆ ಅವುಗಳಿಗೆ ಶುಲ್ಕ ಹಿಡಿಯದಿರಲು ಸಾಧ್ಯವೇ ಎಂದು ತಾವು ಪರಿಶೀಲಿಸಬೇಕೆಂದು ಕೋರುತ್ತೇನೆ. ಅಗತ್ಯವಿದ್ದರೆ ನಮ್ಮ ಪುಸ್ತಕದ ಆ ಕಾಲಮಿನ ಮಾದರಿಯನ್ನು, ಯಾರ ಹೆಸರೂ ಇಲ್ಲದಂತೆ, ಕಳಿಸಿಕೊಡಲು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ಸಹಾಯಕಿ,
ಸಾಗರ, ಶಿವಮೊಗ್ಗ ಜಿಲ್ಲೆ